ಹಳೆಯ ದೋಣಿ ಎಂಜಿನ್ ಚಾಲೂ ಆಗದಿದ್ದಾಗ

ಕರಾವಳಿಯ ನಾಡದೋಣಿಗಳ ಹಿಂಬದಿಗೆ ಕಟ್ಟುವ ಹಳೆಯ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಅನೇಕವು ಟೂ-ಸ್ಟ್ರೋಕ್ ಬಗೆಯವಾಗಿದ್ದು, ಪೆಟ್ರೋಲಿನಲ್ಲಿ ಚಾಲೂ ಆಗಿ, ಕಾವೇರಿದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತವೆ. ಹಗ್ಗ ಎಳೆದರೂ ಇಂಥ ಎಂಜಿನ್ ಎಚ್ಚರಗೊಳ್ಳದಿದ್ದರೆ ಇಂಧನ, ಕಿಡಿ ಅಥವಾ ಸಿಲಿಂಡರಿನೊಳಗೆ ಪಿಸ್ಟನ್ ಮಿಶ್ರಣವನ್ನು ಅದುಮುವ ಒತ್ತಡ, ಇವುಗಳಲ್ಲೊಂದು ಕೈಕೊಟ್ಟಿರುವುದೇ ಹೆಚ್ಚು; ಆದರೂ ಏನನ್ನಾದರೂ ಬಿಚ್ಚುವ ಮೊದಲು ತುರ್ತು ನಿಲುಗಡೆಯ ಕ್ಲಿಪ್ ಸ್ಥಳದಲ್ಲಿದೆಯೇ, ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ತೆರೆದಿದೆಯೇ ಎಂದು ನೋಡುವುದು ಲೇಸು, ಏಕೆಂದರೆ ಗಾಳಿ ಒಳಹೋಗದ ಟ್ಯಾಂಕಿನಿಂದ ಇಂಧನ ಸರಾಗವಾಗಿ ಹೊರಬರುವುದಿಲ್ಲ.

ಸ್ಪಾರ್ಕ್ ಪ್ಲಗ್ಗಿನಷ್ಟು ನಂಬಿಕೆಯ ಸಾಕ್ಷಿ ಬೇರೊಂದಿಲ್ಲ. ಹಲವು ಬಾರಿ ಹಗ್ಗ ಎಳೆದ ಮೇಲೆ ಬಿಚ್ಚಿದ ಪ್ಲಗ್ಗಿನ ತುದಿ ಒಣಗಿಯೇ ಇದ್ದರೆ ಸಿಲಿಂಡರಿಗೆ ಇಂಧನ ತಲುಪುತ್ತಿಲ್ಲವೆಂದೂ, ಇಂಧನವನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನ ಸಣ್ಣ ರಂಧ್ರ, ಅಂದರೆ ಜೆಟ್, ಹಳೆಯ ಪೆಟ್ರೋಲಿನ ಅಂಟಿನಿಂದ ಕಟ್ಟಿಕೊಂಡಿರಬಹುದೆಂದೂ ಊಹಿಸಬೇಕು. ತುದಿ ತೊಯ್ದಿದ್ದರೆ, ಚೆಲ್ಲಿದ ಪೆಟ್ರೋಲನ್ನು ಒರೆಸಿ, ಅದರ ಆವಿ ಚದುರಿದ ನಂತರವೇ, ಪ್ಲಗ್ಗನ್ನು ವೈರಿನ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಬೇಕು: ಗಟ್ಟಿಯಾದ ನೀಲಿ ಕಿಡಿ ಹಾರದಿದ್ದರೆ ಮೊದಲು ಹೊಸ ಪ್ಲಗ್ಗನ್ನು, ಅನಂತರ ಉಪ್ಪುನೀರಿನಿಂದ ಹಸಿರುಗಟ್ಟಿದ ವೈರಿನ ತುದಿಗಳನ್ನು, ಕೊನೆಗೆ ಕಾಯಿಲನ್ನು ಪರೀಕ್ಷಿಸುವುದು ಸರಿಯಾದ ಕ್ರಮ. ಪ್ಲಗ್ ಬಿಗಿದಿದ್ದರೂ ಹಗ್ಗ ತೀರಾ ಸಲೀಸಾಗಿ ಬರುವ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳು ಸವೆದಿರುವ ಸಂಭವವಿದ್ದು, ಅದು ದಡದ ಮೇಲೆ ನುರಿತ ಮೆಕ್ಯಾನಿಕ್ ಮಾಡಬೇಕಾದ ಕೆಲಸ.