ಭಂಡಾರದ ಹಳದಿ, ಪರದೇಶದ ಪ್ರೆಸ್ಸು

ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತಿದರೆ ಅಲ್ಲಿ ಕಣ್ಣಿಗೆ ಕಾಣುವ ಬಣ್ಣ ಒಂದೇ. ಹಣೆ, ಹೆಗಲು, ಪಡಲಗಿ, ಮೆಟ್ಟಿಲು, ಎತ್ತಿನ ಕೋಡು, ಎಲ್ಲದರ ಮೇಲೂ ಭಂಡಾರ, ಅಂದರೆ ಅರಿಶಿನದ ಪುಡಿ. 'ಉಧೋ ಉಧೋ' ಎಂದು ಎರಚಿದ ಪುಡಿ ಬಿಸಿಲಿಗೆ ಅಡ್ಡವಾಗಿ ಗಾಳಿಯಲ್ಲಿ ನಿಂತ ಹೊತ್ತಿಗೆ ಕ್ಯಾಮೆರಾ ಇದ್ದವರು ಯಾರೂ ಸುಮ್ಮನಿರುವುದಿಲ್ಲ. ಮೊಬೈಲಿನಲ್ಲಿ ಆ ಫೋಟೊ ಚೆಂದವೇ ಕಾಣುತ್ತದೆ. ಅದೇ ಫೋಟೊ ದಪ್ಪ ಕಾಗದದ ಮೇಲೆ ಅಚ್ಚಾಗಿ, ಪುಸ್ತಕವಾಗಿ ಮನೆಗೆ ಬಂದಾಗ ಹಿರಿಯರು ಪುಟ ತಿರುವುತ್ತ ಕೇಳುತ್ತಾರೆ: "ಭಂಡಾರ ಯಾಕ ಕೇಸರಿ ಆಗೇತಿ?"

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹಲವು ಮನೆಗಳ ಒಂದು ತುದಿ ಈಗ ದುಬೈಯಲ್ಲೋ ಡಲ್ಲಾಸಿನಲ್ಲೋ ಇದೆ. ಅಪ್ಪನ ಅರವತ್ತರ ಶಾಂತಿಯ ಆಲ್ಬಮ್, ಊರ ಜಾತ್ರೆಯ ಚಿತ್ರಪುಸ್ತಕ, ಕನ್ನಡ ಕೂಟದ ಸ್ಮರಣ ಸಂಚಿಕೆ ಹೀಗೆ ಏನಾದರೊಂದು ಅಚ್ಚಾಗುತ್ತಲೇ ಇರುತ್ತದೆ. ಫೋಟೊ ಇಲ್ಲಿಯದು, ಪುಟವಿನ್ಯಾಸ ಬೆಂಗಳೂರಿನದು, ಅಚ್ಚು ಅಮೆರಿಕದ್ದೋ ಚೀನಾದ್ದೋ. ಪ್ರೆಸ್ಸಿನವನು ಭಂಡಾರ ಕಂಡವನಲ್ಲ, ಕಳಿಸಿದವರು ಅವನ ಮಷಿನ್ ಕಂಡವರಲ್ಲ. ನಡುವೆ ಇರುವುದು ಒಂದು ಪಿಡಿಎಫ್, ಜೊತೆಗೆ 'ಬಣ್ಣ ಚೆನ್ನಾಗಿ ಬರಲಿ' ಎಂಬ ಒಂದು ಸಾಲಿನ ಮೇಲ್. ಬಣ್ಣ ಕೆಟ್ಟ ಮೇಲೆ ಎಲ್ಲರೂ ಮಷಿನ್ನಿಗೆ ಬೈಯುತ್ತಾರೆ. ನನಗೆ ಕಂಡ ಮಟ್ಟಿಗೆ ತಕರಾರಿನ ಬೇರು ಬಹುಪಾಲು ಬೇರೆ ಕಡೆ ಇರುತ್ತದೆ: ಯಾವ ಹಳದಿ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರುವುದಿಲ್ಲ.

ಹಾಗೆ ನೋಡಿದರೆ ಭಂಡಾರ ಅಚ್ಚಿಗೆ ಸುಲಭವಾಗಿ ಸಿಗುವ ಬಣ್ಣವೂ ಅಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ, ಹಸಿರು ಛಾಯೆಯ ಹಳದಿ ಬೆಳಕಾಗಿ ಮತ್ತೆ ಹೊರಬಿಡುತ್ತದೆ. ಗುಡ್ಡದ ಬಿಸಿಲಲ್ಲಿ ಆ ಪುಡಿ ತಾನೇ ಬೆಳಗಿದಂತೆ ಕಾಣುವುದರಲ್ಲಿ ಇದರ ಪಾಲೂ ಇದೆ. ಪ್ರೆಸ್ಸಿನ ಹಳದಿ ಶಾಯಿಗೆ ಆ ಗುಣವಿಲ್ಲ. ಕ್ಯಾಮೆರಾವೂ ಇಲ್ಲಿ ಮೋಸಹೋಗುತ್ತದೆ. ಚೌಕಟ್ಟಿನ ತುಂಬ ಹಳದಿ ಕಂಡರೆ ಅದರ ತಾನೇತಾನಾಗಿ ನಡೆಯುವ ಲೆಕ್ಕ 'ಬೆಳಕೇ ಹಳದಿಯಾಗಿದೆ' ಎಂದುಕೊಂಡು ಇಡೀ ಚಿತ್ರವನ್ನು ನೀಲಿಯ ಕಡೆಗೆ ತಳ್ಳಿಬಿಡುತ್ತದೆ. ಪಳಗಿದ ಫೋಟೊಗ್ರಾಫರುಗಳು ಜಾತ್ರೆಯಲ್ಲಿಯೂ ಜೇಬಿನಲ್ಲಿ ಒಂದು ಬೂದು ರಟ್ಟಿನ ತುಂಡು ಇಟ್ಟುಕೊಂಡಿರುವುದು ಇದಕ್ಕೇ. ಅದೇ ಬೆಳಕಿನಲ್ಲಿ ಆ ರಟ್ಟಿನದೊಂದು ಫೋಟೊ ಹೊಡೆದುಕೊಂಡರೆ, ಆಮೇಲೆ ಉಳಿದ ಬಣ್ಣಗಳನ್ನು ಅದರ ಮೇಲೆ ನಿಲ್ಲಿಸಬಹುದು.

ಇನ್ನು ಮಷಿನ್ನಿನ ಮಾತು. ಆಫ್‌ಸೆಟ್ ಪ್ರೆಸ್ಸು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಚುಕ್ಕಿಗಳಿಂದ ಜಗತ್ತನ್ನೆಲ್ಲ ಕಟ್ಟಬೇಕು. ಅದರ ಹಳದಿ ಅರಿಶಿನಕ್ಕಿಂತ ತಣ್ಣಗಿನದು, ತುಸು ನಿಂಬೆಯ ಕಡೆಯದು. ಪೂರ್ತಿ ಹಳದಿಯ ಮೇಲೆ ನೂರಕ್ಕೆ ಹದಿನೈದೋ ಇಪ್ಪತ್ತೋ ಪಾಲು ಮೆಜೆಂಟಾ ಬಿದ್ದಾಗ ಅದು ಭಂಡಾರದ ಹತ್ತಿರ ಬರುತ್ತದೆ. ಆ ಮೆಜೆಂಟಾ ಇನ್ನು ಎಂಟು-ಹತ್ತು ಪಾಲು ಏರಿತೋ, ಕೇಸರಿ. ಏರುವುದು ಬಲು ಸುಲಭ ಕೂಡ. ಕಾಗದಕ್ಕೆ ತಾಗಿದ ಚುಕ್ಕಿ ಹಿಗ್ಗುತ್ತದೆ. ಫೈಲಿನಲ್ಲಿ 50 ಪಾಲಿದ್ದ ಚುಕ್ಕಿ ನುಣುಪು ಆರ್ಟ್ ಪೇಪರಿನ ಮೇಲೂ 65ರ ಸುಮಾರಿಗೆ ಕಾಣುತ್ತದೆ, ಒರಟು ಕಾಗದದ ಮೇಲೆ ಇನ್ನೂ ಹೆಚ್ಚು. ಆಕಾಶದ ನೀಲಿ ಅಷ್ಟು ಏರಿದರೆ ಯಾರಿಗೂ ಗೊತ್ತಾಗುವುದಿಲ್ಲ. ದೇವರ ಭಂಡಾರ ಏರಿದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ.

ದೂರದ ಅಚ್ಚುಮನೆಗೂ ನಮ್ಮ ಬಣ್ಣಕ್ಕೂ ನಡೆಯುವ ಈ ಜಗ್ಗಾಟ ಹಳೆಯದು. 1854ರಲ್ಲಿ ಕಲ್ಕತ್ತೆಯ ಸರ್ವೇ ಕಚೇರಿಯಲ್ಲಿ ಕ್ಯಾಪ್ಟನ್ ತುಯಿಲಿಯರ್ ಅರ್ಧ ಆಣೆಯ ಅಂಚೆಚೀಟಿಯನ್ನು ಕಲ್ಲಚ್ಚಿನಲ್ಲಿ ಕೆಂಪಾಗಿ ಅಚ್ಚುಮಾಡಲು ಹೊರಟ. ಇಂಗ್ಲೆಂಡಿನಿಂದ ಬಂದಿದ್ದ ಇಂಗಳೀಕದ ಶಾಯಿ ನಡುವೆಯೇ ಮುಗಿಯಿತು, ಇಲ್ಲಿಯ ಇಂಗಳೀಕ ಕಲ್ಲಿಗೆ ಒಗ್ಗಲಿಲ್ಲ. ಕೊನೆಗೆ ಅರ್ಧ ಆಣೆಯ ಚೀಟಿ ನೀಲಿಯಾಗಿ ಹೊರಬಂತು. ಆಮೇಲೆ ಎಪ್ಪತ್ತು ವರ್ಷ ನಮ್ಮ ಅಂಚೆಚೀಟಿಗಳು ಲಂಡನ್ನಿನ ಡಿ ಲಾ ರೂ ಕಂಪನಿಯಲ್ಲಿಯೇ ಅಚ್ಚಾದವು. 1925ರಲ್ಲಿ ನಾಸಿಕದಲ್ಲಿ ಸರ್ಕಾರಿ ಮುದ್ರಣಾಲಯ ನಿಂತ ಮೇಲೂ, ಸ್ವತಂತ್ರ ಭಾರತ 1948ರ ಆಗಸ್ಟ್ 15ಕ್ಕೆ ಹೊರತಂದ ಗಾಂಧೀಜಿಯ ಚೀಟಿಗಳು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಪ್ರೆಸ್ಸಿಗೇ ಹೋದವು. ಫೋಟೊಗ್ರೇವೂರ್ ಎಂಬ ಆ ಬಗೆಯ ಅಚ್ಚಿನಲ್ಲಿ ಅವರದು ದೊಡ್ಡ ಹೆಸರು. 1977ರಲ್ಲಿ ಕಿತ್ತೂರು ಚೆನ್ನಮ್ಮನ ಅಂಚೆಚೀಟಿ ಬರುವ ಹೊತ್ತಿಗೆ ಆ ಪರಾಧೀನತೆ ಮುಗಿದಿತ್ತು.

ರಾಜಾ ರವಿವರ್ಮನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ನಿನ್ನ ಚಿತ್ರಗಳನ್ನು ಯುರೋಪಿಗೆ ಕಳಿಸಿ ಅಚ್ಚು ಹಾಕಿಸು ಎಂದು ದಿವಾನರಾಗಿದ್ದ ಸರ್ ಟಿ. ಮಾಧವರಾವ್ ಅವನಿಗೆ ಸಲಹೆ ಕೊಟ್ಟಿದ್ದರು. ರವಿವರ್ಮ ಮಾಡಿದ್ದು ಅದರ ತಿರುವುಮುರುವು. 1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ತಾನೇ ಪ್ರೆಸ್ಸು ಹಾಕಿ, ಮಷಿನ್ನನ್ನೂ ಕುಶಲಕರ್ಮಿಗಳನ್ನೂ ಜರ್ಮನಿಯಿಂದ ತರಿಸಿಕೊಂಡ. ಮುಂದೆ ಪ್ರೆಸ್ಸು ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಲಕ್ಷ್ಮಿಯ ಸೀರೆಯ ಕೆಂಪು ಯಾವ ಹದಕ್ಕೆ ನಿಲ್ಲಬೇಕು ಎಂಬುದನ್ನು ಕಲ್ಲಿನ ಪಕ್ಕದಲ್ಲೇ ನಿಂತು ತೀರ್ಮಾನಿಸುವ ಅವಕಾಶ ಮನೆಯ ಪ್ರೆಸ್ಸಿನಲ್ಲಿ ಮಾತ್ರ ಉಂಟು. ವ್ಯಾಪಾರದಲ್ಲಿ ಪ್ರೆಸ್ಸು ಅವನ ಕೈಹಿಡಿಯಲಿಲ್ಲ, ಕೊನೆಗೆ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಖರನಿಗೇ ಮಾರಬೇಕಾಯಿತು. ಆದರೂ ಅವನ ಹಟ ಅರ್ಥವಾಗುವಂಥದ್ದು.

ನಮಗೆ ಪ್ರೆಸ್ಸು ಹಾಕುವ ತ್ರಾಣವಿಲ್ಲ. ಕಲ್ಲಿನ ಪಕ್ಕ ನಿಲ್ಲುವ ಬದಲು ಈಗ ಇರುವುದು ಅಂಕಿ. ಜರ್ಮನಿಯ ಮ್ಯೂನಿಕ್ ಬಳಿಯ ಫೋಗ್ರಾ ಸಂಸ್ಥೆ ಇಂಥ ಕಾಗದ, ಇಂಥ ಶಾಯಿ, ಇಷ್ಟು ಚುಕ್ಕಿ ಕೊಟ್ಟರೆ ಬಣ್ಣ ಇಷ್ಟಕ್ಕೆ ನಿಲ್ಲಬೇಕು ಎಂದು ಅಳೆದು ಪಟ್ಟಿ ಮಾಡಿದೆ. ಆರ್ಟ್ ಪೇಪರಿಗೆ ಫೋಗ್ರಾ 39, ಅದರ ಮುಂದಿನ ಪೀಳಿಗೆ ಫೋಗ್ರಾ 51, ಲೇಪವಿಲ್ಲದ ಕಾಗದಕ್ಕೆ ಫೋಗ್ರಾ 52. ಇವುಗಳ ಹಿಂದಿರುವುದು ಐಎಸ್‌ಒ 12647-2 ಎಂಬ ಅಂತರರಾಷ್ಟ್ರೀಯ ಮಾನದಂಡ. ಅಮೆರಿಕದವರು ಗ್ರಾಕೋಲ್ ಎನ್ನುತ್ತಾರೆ, ಜಪಾನಿನವರದು ಜಪಾನ್ ಕಲರ್. ಪಿಡಿಎಫ್ ಮಾಡುವ ಮೊದಲೇ ಪ್ರೆಸ್ಸಿಗೆ ಕೇಳಬೇಕಾದ ಪ್ರಶ್ನೆ ಒಂದೇ: ನೀವು ಯಾವುದಕ್ಕೆ ಅಚ್ಚು ಹಾಕುತ್ತೀರಿ? ಉತ್ತರ ಬಂದ ಮೇಲೆ ಫೋಟೊಗಳನ್ನು ಆ ಪಟ್ಟಿಯ ಬಣ್ಣದ ಪ್ರೊಫೈಲಿಗೇ ಪರಿವರ್ತಿಸಬೇಕು. 'ಕಳಿಸಿರಿ, ನಾವು ನೋಡಿಕೊಳ್ಳುತ್ತೇವೆ' ಎಂದಷ್ಟೇ ಉತ್ತರಿಸುವ ಪ್ರೆಸ್ಸಿನ ಮೇಲೆ ನನಗಂತೂ ನಂಬಿಕೆ ಹುಟ್ಟುವುದಿಲ್ಲ, ದರ ಎಷ್ಟೇ ಕಡಿಮೆಯಿರಲಿ.

ಆಮೇಲೆ ಬರುವುದು ಪ್ರೂಫ್. ಲ್ಯಾಪ್‌ಟಾಪಿನಲ್ಲಿ ತೆರೆದು ನೋಡುವ ಪ್ರೂಫ್ ಅಕ್ಷರದೋಷ ತಿದ್ದಲಿಕ್ಕೆ ಸಾಕು, ಬಣ್ಣಕ್ಕೆ ಸಾಲದು. ವಾಟ್ಸ್ಆ್ಯಪ್‌ನಲ್ಲಿ ಬಂದ ಅಚ್ಚಿನ ಹಾಳೆಯ ಫೋಟೊ ನೋಡಿ 'ಓಕೆ' ಎಂದು ಬರೆಯುವವರೂ ಇದ್ದಾರೆ. ಆ ಫೋಟೊದಲ್ಲಿ ಅಲ್ಲಿಯ ಟ್ಯೂಬ್‌ಲೈಟು, ಅಲ್ಲಿಯ ಫೋನು, ಇಲ್ಲಿಯ ಫೋನು ಎಲ್ಲ ಸೇರಿರುತ್ತವೆ, ಬಣ್ಣ ಮಾತ್ರ ಇರುವುದಿಲ್ಲ. ಕಾಗದದ ಮೇಲಿನ ಪ್ರೂಫೇ ಕೊರಿಯರಿನಲ್ಲಿ ಬರಬೇಕು. ಅದರ ಅಂಚಿನಲ್ಲಿ ಬಣ್ಣದ ಚೌಕಗಳ ಒಂದು ಪಟ್ಟಿ ಇರುತ್ತದೆ, ಅದನ್ನು ಉಪಕರಣದಿಂದ ಅಳೆದ ಚೀಟಿಯನ್ನೂ ಅಂಟಿಸಿರುತ್ತಾರೆ. ಎರಡು ಬಣ್ಣಗಳ ನಡುವಿನ ಅಂತರವನ್ನು ಹೇಳುವ ಅಂಕಿಗೆ ಡೆಲ್ಟಾ-ಇ ಎಂದು ಹೆಸರು. ಒಂದರೊಳಗಿದ್ದರೆ ಸಾಮಾನ್ಯ ಕಣ್ಣಿಗೆ ಕಾಣದು. ಮಷಿನ್ ಮೇಲೆ ಪೂರ್ತಿ ನೂರು ಪಾಲು ಬಿದ್ದ ಶಾಯಿಗಳಿಗೆ ಮಾನದಂಡವೇ ಐದರವರೆಗೆ ಸಡಿಲ ಬಿಡುತ್ತದೆ. ಐದು ಎಂದರೆ ಹಳದಿಯಲ್ಲಿ ಕಂಡೂ ಕಾಣದಂತೆ ಹೋಗಬಹುದು, ಬೂದಿಯಲ್ಲಿ ಎದ್ದು ಕಾಣುತ್ತದೆ.

ಬೂದಿ ಎಂದೊಡನೆ ಕಿತ್ತೂರಿನ ಕೋಟೆ ನೆನಪಾಗಬೇಕು. ಜಾತ್ರೆಯ ಫೋಟೊದಲ್ಲಿ ಎಲ್ಲರೂ ಹಳದಿಯನ್ನು ನೋಡುತ್ತಾರೆ, ಪ್ರೆಸ್ಸಿನ ಕಸುಬುದಾರ ನೋಡುವುದು ಮಾತ್ರ ಕೋಟೆಯ ಕಲ್ಲಿನಂಥ ಮಂಕು ಬಣ್ಣವನ್ನು. ಮೂರು ಶಾಯಿ ಸಮ ಹಾಕಿದರೆ ಬೂದಿ ಬರುವುದಿಲ್ಲ, ಕಂದು ಬರುತ್ತದೆ. ಸಯಾನ್ 50 ಇದ್ದರೆ ಮೆಜೆಂಟಾ, ಹಳದಿ ತಲಾ 40ರ ಹತ್ತಿರ ನಿಲ್ಲಬೇಕು. ಯಾವುದಾದರೂ ಒಂದು ಶಾಯಿ ಸ್ವಲ್ಪ ಸರಿದರೂ ಪಾಳುಗೋಡೆ ಗುಲಾಬಿಯೋ ಹಸಿರೋ ಆಗಿ ಚಾಡಿ ಹೇಳಿಬಿಡುತ್ತದೆ. ಆದ್ದರಿಂದ ಪುಸ್ತಕದಲ್ಲಿ ಕೋಟೆಯದೊಂದು ಫೋಟೊ ಇದ್ದರೆ ಪ್ರೂಫಿಗೆ ಅದನ್ನೇ ಮೊದಲು ಆರಿಸಿ. ಬೈಲಹೊಂಗಲದ ಎರೆಹೊಲ ಇನ್ನೊಂದು ಪರೀಕ್ಷೆ. ಮಳೆ ಬಿದ್ದ ಎರೆಮಣ್ಣಿನ ಕಪ್ಪು ಬರಲೆಂದು ನಾಲ್ಕೂ ಶಾಯಿ ಸುರಿಯುತ್ತಾರೆ. ಆರ್ಟ್ ಪೇಪರಿನ ಮೇಲೆ ನಾಲ್ಕರ ಮೊತ್ತ 330 ಪಾಲು ದಾಟಿದರೆ ಶಾಯಿ ಒಣಗದೆ ಎದುರು ಪುಟಕ್ಕೆ ಹತ್ತುತ್ತದೆ, ನ್ಯೂಸ್‌ಪ್ರಿಂಟಿನ ಮೇಲೆ 240ಕ್ಕೇ ತ್ರಾಸು. ಹೊಲದ ಸಾಲುಗಳೆಲ್ಲ ಕಲೆತು ಒಂದೇ ಕರಿ ಮುದ್ದೆಯಾದ ಪುಟಗಳನ್ನು ನೀವೂ ನೋಡಿರುತ್ತೀರಿ.

ಪ್ರೂಫನ್ನು ಯಾವ ಬೆಳಕಿನಲ್ಲಿ ನೋಡಬೇಕು ಎಂಬುದಕ್ಕೂ ನಿಯಮವಿದೆ. 5000 ಕೆಲ್ವಿನ್‌ನ ಹಗಲು ಬೆಳಕು, ಎರಡೂ ಕಡೆ ಅದೇ. ಆ ದೀಪದ ಪೆಟ್ಟಿಗೆ ಮನೆಯಲ್ಲಿ ಇರುವುದಿಲ್ಲವಾದ್ದರಿಂದ ಉತ್ತರದ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಬಣ್ಣದ ಗೋಡೆಯಿಂದ ದೂರ ನಿಂತು ನೋಡುವುದು ಸದ್ಯಕ್ಕೆ ಸಾಕು. ರಾತ್ರಿ ಎಲ್‌ಇಡಿ ಬಲ್ಬಿನ ಕೆಳಗೆ ನೋಡಿ ಮೇಲ್ ಬರೆಯಬೇಡಿ.

ಪ್ರೂಫ್ ಒಪ್ಪಿದ ಮೇಲೂ ಕೆಲಸ ಕೆಡುವ ಒಂದು ಜಾಗ ಇದೆ, ಅದನ್ನು ಗಿರಾಕಿಗಳಿಗೆ ಯಾರೂ ಹೇಳುವುದಿಲ್ಲ. ದೊಡ್ಡ ಹಾಳೆಯ ಮೇಲೆ ಎಂಟೋ ಹದಿನಾರೋ ಪುಟ ಒಟ್ಟಿಗೆ ಅಚ್ಚಾಗುತ್ತವೆ. ಶಾಯಿ ಬಿಡುವ ಕೀಲಿಗಳು ಹಾಳೆ ಓಡುವ ದಿಕ್ಕಿಗೆ ಪಟ್ಟೆಪಟ್ಟೆಯಾಗಿ ಕೆಲಸ ಮಾಡುತ್ತವೆ. ಒಂದು ಪಟ್ಟೆಯಲ್ಲಿ ಮೇಲೆ ಕುಂಕುಮದ ರಾಶಿ, ಕೆಳಗೆ ಭಂಡಾರ ಬಳಿದ ಮುಖ ಇದೆ ಎನ್ನಿ. ಕುಂಕುಮ ಗಾಢವಾಗಲೆಂದು ಮೆಜೆಂಟಾ ಏರಿಸಿದರೆ ಕೆಳಗಿನ ಮುಖವೂ ಕೆಂಪೇರುತ್ತದೆ. ನಮ್ಮ ಹಿರಿಯರು ಕೇಳುವ ಕೇಸರಿಯ ಹುಟ್ಟು ಎಷ್ಟೋ ಸಲ ಇಲ್ಲಿಯೇ. ಪುಟಗಳ ಜೋಡಣೆಯ ನಕ್ಷೆಯನ್ನು ಮೊದಲೇ ತರಿಸಿಕೊಂಡು, ಕೆಂಪು ತುಂಬಿದ ಪುಟವನ್ನು ಮುಖದ ಪುಟದ ಸಾಲಿನಿಂದ ಸರಿಸಲು ಸಾಧ್ಯವೇ ಎಂದು ನೋಡಬೇಕು. ಪುಸ್ತಕದ ಪುಟಕ್ರಮ ಬದಲಿಸದೆ ಅದು ಆಗುವುದಿಲ್ಲ, ಹಾಗಾಗಿ ವಿನ್ಯಾಸದ ಹಂತದಲ್ಲಿಯೇ ಯೋಚಿಸುವುದು ಲೇಸು.

ಕೆಲವು ಬಣ್ಣಗಳನ್ನು ಬಿಟ್ಟುಕೊಡಲೇಬೇಕು. ಯಲ್ಲಮ್ಮನ ಹಸಿರು ಬಳೆಯ ಆ ಗಾಜಿನ ಹಸಿರು ನಾಲ್ಕು ಶಾಯಿಯ ಅಳವಿನಾಚೆಗಿದೆ. ಅದು ಬೇಕೇಬೇಕೆಂದರೆ ಐದನೆಯ ಶಾಯಿಯಾಗಿ ಪ್ಯಾಂಟೋನ್ ಪುಸ್ತಕದ ಒಂದು ನಂಬರ್ ಕೊಡಬೇಕು, ಖರ್ಚು ಹೆಚ್ಚು. ರಕ್ಷಾಪುಟದಲ್ಲಿ ಮಾತ್ರ ಅದನ್ನು ಬಳಸಿ ಒಳಪುಟಗಳಿಗೆ ನಾಲ್ಕೇ ಸಾಕು ಎನ್ನುವುದು ನನ್ನ ಲೆಕ್ಕ. ನಂಬರ್ ಕೊಡುವಾಗ ಲೇಪವಿರುವ ಕಾಗದದ್ದೋ ಇಲ್ಲದ್ದೋ ಎಂಬುದನ್ನೂ ಬರೆಯಬೇಕು, ಒಂದೇ ಶಾಯಿ ಎರಡರ ಮೇಲೆ ಎರಡು ಬಣ್ಣವಾಗಿ ಕಾಣುತ್ತದೆ. ಕಾಗದದ ಬಿಳುಪಿನ ಮೇಲೂ ಕಣ್ಣಿರಲಿ. ಹೊಳಪಿನ ರಾಸಾಯನಿಕ ಹೆಚ್ಚಿರುವ ನೀಲಿಬಿಳಿ ಕಾಗದ ಭಂಡಾರವನ್ನು ಸೊರಗಿಸುತ್ತದೆ, ಕೆನೆಬಣ್ಣದ್ದು ಅದಕ್ಕೆ ಒಪ್ಪುತ್ತದೆ.

ಇಷ್ಟೆಲ್ಲ ರಗಳೆ ಸಾವಿರಾರು ಪ್ರತಿ ಹಾಕಿಸುವವರಿಗೆ. ಅವರು ಹಡಗು ಹೊರಡುವ ಮೊದಲು ನಾಲ್ಕು ಪ್ರತಿ ಕೊರಿಯರಿನಲ್ಲಿ ತರಿಸಿ, ಸಹಿ ಹಾಕಿದ ಪ್ರೂಫಿನ ಪಕ್ಕ ಇಟ್ಟು ನೋಡಿಯೇ ಕೊನೆಯ ಕಂತಿನ ಹಣ ಬಿಡಬೇಕು, ಕರಾರಿನಲ್ಲಿ ಹಾಗೆಯೇ ಬರೆಸಿಕೊಳ್ಳಬೇಕು. ನೂರಿನ್ನೂರು ಪ್ರತಿಯ ಸ್ಮರಣ ಸಂಚಿಕೆಗೆ ಪರದೇಶದ ಆಫ್‌ಸೆಟ್ ದಾರಿಯೇ ಬೇಡ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಒಳ್ಳೆಯ ಡಿಜಿಟಲ್ ಮಷಿನ್ ಇರುವ ಕಡೆ ಒಂದು ಮುಂಜಾನೆ ಹೋಗಿ, ಚೀಟಿಯಲ್ಲಿ ಒಂದು ಚಿಟಿಕೆ ಭಂಡಾರ ಕಟ್ಟಿಕೊಂಡು, ಮೊದಲ ಹಾಳೆ ಹೊರಬಂದಾಗ ಪಕ್ಕದಲ್ಲಿ ಇಟ್ಟು ನೋಡಬಹುದು. ಸರಿಹೋಗದಿದ್ದರೆ ಮೆಜೆಂಟಾ ಇಳಿಸಲು ಅಲ್ಲಿಯೇ ಹೇಳಬಹುದು.