ಅಂಗಡಿ ಲೆಕ್ಕಕ್ಕೂ ಬೇಕು ಒಂದು ಕಾರ್ಬನ್ ಕಾಪಿ: ಕಂಪ್ಯೂಟರ್‌ಗೆ ಜೋಡಿ ಹಾರ್ಡ್‌ಡಿಸ್ಕ್ ಬಾಕ್ಸ್ ಕೂರಿಸೋದು ಹೇಗೆ?

ಆನಗೋಡು: ಮುಂಗಾರು ಶುರುವಾಯ್ತು ಅಂದ್ರೆ ಬೀಜ, ಗೊಬ್ಬರದ ಅಂಗಡಿಗಳಲ್ಲಿ ಯಾರಿಗೂ ಪುರುಸೊತ್ತು ಇರಲ್ಲ. ಮೆಕ್ಕೆಜೋಳದ ಬೀಜಕ್ಕೆ ಬಂದ ರೈತರು ಅರ್ಧ ದುಡ್ಡು ಕೊಟ್ಟು, ಉಳಿದದ್ದು ‘ಮಾಲು ಮಾರಿದ ಮೇಲೆ’ ಅಂತ ಬರೆಸಿ ಹೋಗ್ತಾರೆ. ಮೊದಲು ಈ ಉದ್ರಿ ಲೆಕ್ಕ ಖಾತೆ ಪುಸ್ತಕದಲ್ಲಿ ಇರ್ತಿತ್ತು. ಈಗ ಬಹಳ ಕಡೆ ಕೌಂಟರ್ ಮೇಲಿನ ಕಂಪ್ಯೂಟರ್‌ಗೆ ಹೋಗಿದೆ. ಅಂದ್ರೆ ಒಂದು ಹಂಗಾಮಿನ ವ್ಯಾಪಾರ ಪೂರ್ತಿ ಅಂಗೈ ಅಗಲದ ಒಂದು ಡಬ್ಬಿಯೊಳಗೆ ಕೂತಿರುತ್ತೆ. ಅದೇ ಹಾರ್ಡ್‌ಡಿಸ್ಕ್. ಅದು ಒಂದಿನ ‘ಟಕ್ ಟಕ್’ ಅಂತ ಸದ್ದು ಮಾಡಿ ನಿಂತರೆ, ಯಾರು ಎಷ್ಟು ಕೊಡಬೇಕು ಅನ್ನೋದಕ್ಕೆ ಬಾಯಿ ಮಾತೇ ಗತಿ.

ಫೋಟೋ ಸ್ಟುಡಿಯೋದವರ ಪಾಡೂ ಇದೇ. ಲೆಕ್ಕವನ್ನಾದರೂ ಕೂತು ಮತ್ತೆ ಬರೆಯಬಹುದು, ಮದುವೆಯನ್ನು ಮತ್ತೆ ಮಾಡಿಸೋಕೆ ಆಗಲ್ಲ. ಇದಕ್ಕೆ ಇರೋ ಒಂದು ದಾರಿ, ಎರಡು ಹಾರ್ಡ್‌ಡಿಸ್ಕ್ ಹಿಡಿಯುವ ‘ಮಿರರ್’ ಬಾಕ್ಸ್ ಅನ್ನು ಕಂಪ್ಯೂಟರ್ ಒಳಗೆ ಕೂರಿಸೋದು. ಅದು ಏನು, ಹೇಗೆ ಹಾಕೋದು, ಎಲ್ಲಿ ಕೈಕೊಡುತ್ತೆ ಅನ್ನೋ ವಿವರ ಇಲ್ಲಿದೆ.

ಡಿಸ್ಕ್ ಯಾಕೆ ಕೆಡುತ್ತೆ?

ಹಾರ್ಡ್‌ಡಿಸ್ಕ್ ಒಳಗೆ ಗಾಜಿನ ಇಲ್ಲವೇ ಅಲ್ಯೂಮಿನಿಯಂ ತಟ್ಟೆಗಳು ತಿರುಗ್ತಾ ಇರ್ತವೆ. ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾದ ವೇಗ ನಿಮಿಷಕ್ಕೆ 7200 ಸುತ್ತು, ಅಂದ್ರೆ ಸೆಕೆಂಡಿಗೆ 120. ಓದೋ-ಬರೆಯೋ ಮುಳ್ಳು ಆ ತಟ್ಟೆಗೆ ತಾಗದೆ, ಧೂಳಿನ ಕಣಕ್ಕಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತೆ. ಬರೆಯುವಾಗಲೇ ಕರೆಂಟ್ ಹೋದರೆ ಫೈಲ್ ಅರ್ಧಂಬರ್ಧ ಆಗುತ್ತೆ. ಕೌಂಟರ್‌ಗೆ ಜೋರಾಗಿ ಪೆಟ್ಟು ಬಿದ್ದರೆ ಮುಳ್ಳು ತಟ್ಟೆಗೆ ಉಜ್ಜಬಹುದು. ಏನೂ ಆಗದಿದ್ದರೂ ವಯಸ್ಸಾದ ಮೇಲೆ ಮೋಟಾರ್ ಸೋಲುತ್ತೆ. ತಿರುಗೋ ಭಾಗ ಇಲ್ಲದ ಎಸ್‌ಎಸ್‌ಡಿ ಪೆಟ್ಟು ತಡೆಯುತ್ತೆ, ಆದರೆ ಅದೂ ಅಮರ ಅಲ್ಲ. ಕೆಲವೊಮ್ಮೆ ಸೂಚನೆಯೇ ಕೊಡದೆ ನಿಂತುಬಿಡುತ್ತೆ.

ವಾರಂಟಿ ಇದೆಯಲ್ಲ ಅಂತ ಕೆಲವರು ನೆಮ್ಮದಿಯಾಗಿರ್ತಾರೆ. ವಾರಂಟಿಯಲ್ಲಿ ಸಿಗೋದು ಹೊಸ ಡಿಸ್ಕ್. ಹಳೇ ಲೆಕ್ಕ ಅದರಲ್ಲಿ ಇರಲ್ಲ.

ಕಾನೂನು ಏನು ಹೇಳುತ್ತೆ?

ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳವರೆಗೆ ಇಟ್ಟುಕೊಳ್ಳಬೇಕು. ಕಾಯ್ದೆಯ 36ನೇ ಸೆಕ್ಷನ್ ಇದನ್ನು ಹೇಳುತ್ತೆ. ಉದಾಹರಣೆಗೆ 2023-24ರ ಲೆಕ್ಕದ ರಿಟರ್ನ್‌ಗೆ ಕೊನೇ ದಿನ 2024ರ ಡಿಸೆಂಬರ್ 31. ಹಾಗಾಗಿ ಆ ಲೆಕ್ಕ 2030ರ ಡಿಸೆಂಬರ್ ಕೊನೆಯವರೆಗೂ ಇರಬೇಕು. ಕಂಪ್ಯೂಟರ್‌ನಲ್ಲಿ ಲೆಕ್ಕ ಇಡೋರಿಗೆ 57ನೇ ನಿಯಮ ಇನ್ನೊಂದು ಮಾತು ಸೇರಿಸುತ್ತೆ: ಅವಘಡದಿಂದಾಗಲೀ ಪ್ರಕೃತಿ ವಿಕೋಪದಿಂದಾಗಲೀ ದಾಖಲೆ ನಾಶವಾದರೆ ತಕ್ಕ ಸಮಯದೊಳಗೆ ಮರಳಿ ತೆಗೆಯಲು ಆಗುವಂತೆ ಬ್ಯಾಕಪ್ ಇರಬೇಕು. ಅಂದಮೇಲೆ ‘ಡಿಸ್ಕ್ ಹೋಯ್ತು ಸಾರ್’ ಅನ್ನೋದು ಉತ್ತರ ಆಗಲ್ಲ.

ಮಿರರ್ ಅಂದ್ರೆ ಏನು?

ಬಿಲ್ ಬುಕ್‌ನಲ್ಲಿ ಕಾರ್ಬನ್ ಇಟ್ಟು ಬರೆಯೋದು ಎಲ್ಲರಿಗೂ ಗೊತ್ತು. ಮೇಲಿನ ಹಾಳೆ ಗಿರಾಕಿಗೆ, ಕೆಳಗಿನದು ಅಂಗಡಿಗೆ. ಮಿರರ್ ಬಾಕ್ಸ್ ಮಾಡೋದೂ ಅದನ್ನೇ. ಒಳಗೆ ಎರಡು ಡಿಸ್ಕ್ ಇರ್ತವೆ. ಕಂಪ್ಯೂಟರ್ ಏನೇ ಬರೆದರೂ ಬಾಕ್ಸ್‌ನ ಸರ್ಕ್ಯೂಟ್ ಅದನ್ನು ಎರಡಕ್ಕೂ ಒಟ್ಟಿಗೆ ಬರೆಯುತ್ತೆ. ಕಂಪ್ಯೂಟರ್‌ಗೆ ಕಾಣೋದು ಮಾತ್ರ ಒಂದೇ ಡಿಸ್ಕ್. ಒಂದು ಕೆಟ್ಟರೆ ಇನ್ನೊಂದರ ಮೇಲೆ ಕೆಲಸ ನಡೀತಾನೇ ಇರುತ್ತೆ, ಸಂತೆ ದಿನ ಬಿಲ್ಲಿಂಗ್ ನಿಲ್ಲಲ್ಲ.

ಇದಕ್ಕೆ ‘ರೇಡ್ 1’ ಅಂತ ಹೆಸರು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಟ್ಜ್ ಪ್ರಕಟಿಸಿದ ಪ್ರಬಂಧದಿಂದ ‘ರೇಡ್’ ಪದ ಬಳಕೆಗೆ ಬಂತು. ಎರಡು ಡಿಸ್ಕ್‌ಗೆ ಒಟ್ಟಿಗೆ ಬರೆಯೋ ಪದ್ಧತಿ ಅದಕ್ಕೂ ಹಿಂದಿನದು. ಒಂದು ದೊಡ್ಡ ದುಬಾರಿ ಡಿಸ್ಕ್ ನಂಬೋ ಬದಲು ಹಲವು ಅಗ್ಗದ ಡಿಸ್ಕ್ ಸೇರಿಸಿ ನಂಬಿಕೆ ಗಳಿಸೋಣ ಅನ್ನೋದು ಅವರ ವಾದ.

ಕೊಳ್ಳುವ ಮುನ್ನ

ದಾವಣಗೆರೆಗೆ ಹೋಗಿ ಕೊಳ್ಳೋ ಮೊದಲು ಕ್ಯಾಬಿನೆಟ್ ಮುಂಭಾಗ ನೋಡಬೇಕು. ಸಿಡಿ ಡ್ರೈವ್ ಕೂರುವ ಐದೂಕಾಲು ಇಂಚಿನ ಜಾಗ ಇದೆಯಾ? ಲ್ಯಾಪ್‌ಟಾಪ್ ಗಾತ್ರದ, ಎರಡೂವರೆ ಇಂಚಿನ ಎರಡು ಡಿಸ್ಕ್ ಹಿಡಿಯುವ ಬಾಕ್ಸ್ ಅಂಥ ಒಂದು ಜಾಗದಲ್ಲಿ ಕೂರುತ್ತೆ. ಮೂರೂವರೆ ಇಂಚಿನ ದೊಡ್ಡ ಡಿಸ್ಕ್‌ಗಳ ಬಾಕ್ಸ್‌ಗೆ ಕೆಲವೊಮ್ಮೆ ಎರಡು ಜಾಗ ಬೇಕು. ಹೊಸ ಮಾದರಿಯ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಈ ಜಾಗವೇ ಇಲ್ಲ. ಅಂಥವರು ಹೊರಗೆ ಇಟ್ಟು ಯುಎಸ್‌ಬಿಯಲ್ಲಿ ಜೋಡಿಸೋ ಎರಡು ಡಿಸ್ಕ್‌ನ ಬಾಕ್ಸ್ ತಗೋಬಹುದು.

ಎರಡೂ ಡಿಸ್ಕ್ ಒಂದೇ ಅಳತೆಯವು ಇರಲಿ. ಒಂದು 1 ಟಿಬಿ, ಇನ್ನೊಂದು 2 ಟಿಬಿ ಹಾಕಿದರೆ ಸಿಗೋದು 1 ಟಿಬಿ ಮಾತ್ರ. ಸಾಧ್ಯವಾದರೆ ಬೇರೆ ಬೇರೆ ಲಾಟ್‌ನವು ಇರಲಿ. ಒಂದೇ ಲಾಟ್‌ನಲ್ಲಿ ದೋಷ ಇದ್ದರೆ ಎರಡೂ ಹಿಂದೆಮುಂದೆ ಕೈಕೊಡಬಹುದು. ಹಳೇ ಸಿಸಿಟಿವಿಯಿಂದ ಬಿಚ್ಚಿದ ಡಿಸ್ಕ್ ಅಗ್ಗ ಅಂತ ಹಾಕಿದರೆ ಬಾಕ್ಸ್ ಹಾಕಿದ ಉದ್ದೇಶವೇ ಕೆಡುತ್ತೆ.

ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಲೇಬೇಕು: ‘ಬಾಕ್ಸೇ ಸುಟ್ಟರೆ, ಒಳಗಿನ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಓದುತ್ತಾ?’ ಕೆಲವು ಬಾಕ್ಸ್‌ಗಳು ತಮ್ಮದೇ ರೀತಿಯಲ್ಲಿ ಬರೀತವೆ. ಅಂಥದ್ದಾದರೆ ಅದೇ ಮಾದರಿಯ ಬಾಕ್ಸ್ ಮತ್ತೆ ಹುಡುಕಬೇಕಾಗುತ್ತೆ.

ಕೂರಿಸುವ ಕ್ರಮ

1. ಮೊದಲು ಈಗಿರುವ ಡೇಟಾ ಪೂರ್ತಿ ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಬೇಕು. ಮಿರರ್ ಸೆಟ್ ಮಾಡುವಾಗ ಸಾಮಾನ್ಯವಾಗಿ ಒಳಗಿನ ಎರಡೂ ಡಿಸ್ಕ್ ಅಳಿಸಿಹೋಗ್ತವೆ. ಹಳೇ ಲೆಕ್ಕ ಇರೋ ಡಿಸ್ಕನ್ನೇ ಬಾಕ್ಸ್‌ಗೆ ಹಾಕಿ ಕೂತರೆ ಉಳಿಸೋಕೆ ಹೋಗಿ ಕಳ್ಕೊಂಡಂಗೆ.

2. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಬೇಕು. ಉಳಿದ ಕರೆಂಟ್ ಇಳಿಯುತ್ತೆ. ಕ್ಯಾಬಿನೆಟ್‌ನ ಬರೀ ಲೋಹದ ಭಾಗ ಮುಟ್ಟಿ ಆಮೇಲೆ ಡಿಸ್ಕ್ ಹಿಡಿಯಬೇಕು.

3. ಎರಡು ಡಿಸ್ಕ್‌ಗೆ ‘1’, ‘2’ ಅಂತ ಚೀಟಿ ಅಂಟಿಸಿ, ಸೀರಿಯಲ್ ನಂಬರ್ ಒಂದು ಕಡೆ ಬರೆದಿಟ್ಟು, ಟ್ರೇಗೆ ಸ್ಕ್ರೂ ಹಾಕಬೇಕು.

4. ಬಾಕ್ಸ್ ಹಿಂದಿನ ಸಣ್ಣ ಸ್ವಿಚ್ ನೋಡಬೇಕು. ‘ರೇಡ್ 0’ ಮತ್ತು ‘ರೇಡ್ 1’ ಎರಡೂ ಇರ್ತವೆ. ಬೇಕಾದ್ದು 1. ಸೊನ್ನೆಗೆ ಇಟ್ಟರೆ ಡೇಟಾ ಅರ್ಧರ್ಧ ಹಂಚಿಹೋಗುತ್ತೆ. ಒಂದು ಡಿಸ್ಕ್ ಕೆಟ್ಟರೆ ಎಲ್ಲಾ ಹೋದಂಗೆ.

5. ಬಾಕ್ಸ್ ಜಾರಿಸಿ ಎರಡೂ ಬದಿ ಸ್ಕ್ರೂ ಬಿಗಿಯಬೇಕು. ಪವರ್ ಸಪ್ಲೈನಿಂದ ಸಾಟಾ ಪವರ್ ಕೇಬಲ್, ಮದರ್‌ಬೋರ್ಡ್‌ನಿಂದ ಡೇಟಾ ಕೇಬಲ್ ಹಾಕಬೇಕು. ಅಗ್ಗದ ಕನ್ವರ್ಟರ್ ಪಿನ್ ಬೇಡ, ಕೆಲವು ಬಿಸಿಯಾಗಿ ಕರಗ್ತವೆ.

6. ಕಂಪ್ಯೂಟರ್ ಆನ್ ಮಾಡಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೊಸ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು. ಎರಡು 1 ಟಿಬಿ ಡಿಸ್ಕ್ ಹಾಕಿದ್ದರೆ ಅಲ್ಲಿ ಸುಮಾರು 931 ಜಿಬಿ ತೋರಿಸಬೇಕು. 1862 ತೋರಿಸಿದರೆ ಸ್ವಿಚ್ ತಪ್ಪಾಗಿದೆ, ಅಲ್ಲೇ ನಿಲ್ಲಿಸಿ ಸರಿ ಮಾಡಬೇಕು.

ವಿಂಡೋಸ್ ಹಳೇ ಡಿಸ್ಕ್‌ನಲ್ಲೇ ಇರಲಿ. ಟ್ಯಾಲಿ ಡೇಟಾ ಫೋಲ್ಡರ್, ಬಿಲ್, ಫೋಟೋ ಮಾತ್ರ ಮಿರರ್‌ಗೆ ಹೋಗಲಿ. ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಡೇಟಾ ಇರುವ ಜಾಗ ಬದಲಿಸೋದು ಮರೆತರೆ ಬಾಕ್ಸ್ ಖಾಲಿ ತಿರುಗುತ್ತೆ, ಲೆಕ್ಕ ಹಳೇ ಡಿಸ್ಕ್‌ಗೇ ಹೋಗುತ್ತೆ.

ಪರೀಕ್ಷೆ ಮಾಡದೆ ನಂಬಬೇಡಿ

ನಿಜವಾದ ಲೆಕ್ಕ ತುಂಬೋ ಮೊದಲು ಒಂದೆರಡು ಫೋಟೋ ಹಾಕಿ, ಕಂಪ್ಯೂಟರ್ ಆಫ್ ಮಾಡಿ, 2ನೇ ಡಿಸ್ಕ್ ತೆಗೆದು ಆನ್ ಮಾಡಬೇಕು. ಫೋಟೋ ತೆರೆದರೆ ಮಿರರ್ ಕೆಲಸ ಮಾಡ್ತಿದೆ ಅಂತ ಅರ್ಥ. ಬಾಕ್ಸ್‌ನ ಕೆಂಪು ದೀಪ ಇಲ್ಲವೇ ಬೀಪ್ ಸದ್ದು ಹೇಗಿರುತ್ತೆ ಅಂತ ಆಗಲೇ ನೋಡಿಕೊಳ್ಳಬಹುದು. ಆ ಸದ್ದನ್ನು ಅಂಗಡಿಯಲ್ಲಿ ಕೂರುವ ಎಲ್ಲರೂ ಗುರುತಿಸಬೇಕು. ಒಂದು ಡಿಸ್ಕ್ ಸತ್ತಿದ್ದು ಗೊತ್ತೇ ಆಗದೆ ತಿಂಗಳುಗಟ್ಟಲೆ ಓಡಿಸಿ, ಎರಡನೇದು ಸತ್ತಾಗ ತಲೆ ಮೇಲೆ ಕೈ ಹೊತ್ತರೆ ಪ್ರಯೋಜನ ಇಲ್ಲ.

ಡಿಸ್ಕ್ ವಾಪಸ್ ಹಾಕಿದ ಮೇಲೆ ಬಾಕ್ಸ್ ಮತ್ತೆ ಕಾಪಿ ಶುರು ಮಾಡುತ್ತೆ. ಸೆಕೆಂಡಿಗೆ 100 ಎಂಬಿ ವೇಗ ಅಂತ ಇಟ್ಟುಕೊಂಡರೂ 1 ಟಿಬಿಗೆ ಮೂರು ತಾಸಿನ ಹತ್ತಿರ ಬೇಕು. ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು, ಯುಪಿಎಸ್ ಇರಲೇಬೇಕು. ಮುಂದೆ ನಿಜವಾಗಿ ಕೆಟ್ಟಾಗ ಗಾಬರಿಯಲ್ಲಿ ಒಳ್ಳೇ ಡಿಸ್ಕ್ ಕಿತ್ತುಬಿಡೋದು ದೊಡ್ಡ ತಪ್ಪು. ಚೀಟಿ ಅಂಟಿಸಿದ್ದು ಅದಕ್ಕೇ.

ಮಿರರ್ ಕಾಯದೇ ಇರೋದು

ಬಿಲ್ ಮೇಲೆ 5 ಸಾವಿರದ ಬದಲು 500 ಅಂತ ಬರೆದರೆ ಕಾರ್ಬನ್ ಮೇಲೂ 500 ಅಂತಲೇ ಬೀಳುತ್ತೆ. ಮಿರರ್ ಕೂಡ ಹಂಗೇ. ತಪ್ಪಿ ಫೈಲ್ ಅಳಿಸಿದರೆ ಎರಡೂ ಕಡೆ ಅಳಿಯುತ್ತೆ. ವೈರಸ್ ಬಂದು ಫೈಲ್‌ಗಳಿಗೆ ಬೀಗ ಹಾಕಿದರೆ ಎರಡೂ ಕಡೆ ಬೀಗ. 2017ರ ಮೇ ತಿಂಗಳಲ್ಲಿ ಜಗತ್ತಿನ ಉದ್ದಗಲಕ್ಕೂ ಹರಡಿದ ವಾನಾಕ್ರೈ ಮಾಡಿದ್ದು ಅದನ್ನೇ. ಕಳ್ಳ ಕ್ಯಾಬಿನೆಟ್ ಹೊತ್ತೊಯ್ದರೆ, ಸಿಡಿಲಿಗೆ ಪವರ್ ಸಪ್ಲೈ ಸುಟ್ಟು ಹೆಚ್ಚು ವೋಲ್ಟೇಜ್ ಒಳಗೆ ನುಗ್ಗಿದರೆ, ಎರಡೂ ಡಿಸ್ಕ್ ಒಟ್ಟಿಗೇ ಹೋಗ್ತವೆ.

ಆದ್ದರಿಂದ ಮೂರನೇ ಕಾಪಿ ಬೇಕೇ ಬೇಕು. ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು, ವಾರಕ್ಕೊಂದು ದಿನ ಬಾಗಿಲು ಹಾಕೋ ಹೊತ್ತಿಗೆ ಬ್ಯಾಕಪ್ ತೆಗೆದು, ವೈರ್ ಬಿಚ್ಚಿ ಮನೆಗೆ ಒಯ್ಯಬೇಕು. ಅಂಗಡಿಯಲ್ಲೇ, ಕಂಪ್ಯೂಟರ್‌ಗೆ ಚುಚ್ಚಿಕೊಂಡೇ ಇರೋ ಡಿಸ್ಕ್ ಈ ಲೆಕ್ಕಕ್ಕೆ ಬರಲ್ಲ. ದುಡ್ಡು ಒಂದಕ್ಕೆ ಮಾತ್ರ ಇದೆ ಅನ್ನೋರು ಮಿರರ್ ಬಾಕ್ಸ್‌ಗಿಂತ ಮೊದಲು ಈ ಎಕ್ಸ್‌ಟರ್ನಲ್ ಡಿಸ್ಕನ್ನೇ ತಗೋಳೋದು ಒಳ್ಳೇದು. ದಿನಕ್ಕೆ ಹತ್ತಾರು ಬಿಲ್ ಹಾಕೋರಿಗೆ, ಕಾರ್ಡ್ ಖಾಲಿ ಮಾಡಿಕೊಂಡು ಮುಂದಿನ ಮದುವೆಗೆ ಓಡೋ ಸ್ಟುಡಿಯೋದವರಿಗೆ ಎರಡೂ ಬೇಕು, ಯಾಕಂದ್ರೆ ವಾರದ ಬ್ಯಾಕಪ್ ನಡುವಿನ ಆರು ದಿನ ಕಾಯೋದು ಮಿರರ್ ಮಾತ್ರ.

ಹಂಗಾಮು ಶುರುವಾದ ಮೇಲೆ ಕ್ಯಾಬಿನೆಟ್ ಬಿಚ್ಚೋಕೆ ಯಾರಿಗೂ ಟೈಮ್ ಇರಲ್ಲ. ವ್ಯಾಪಾರ ಕಡಿಮೆ ಇರೋ ಒಂದು ಮಧ್ಯಾಹ್ನ ಈ ಕೆಲಸಕ್ಕೆ ಸಾಕು.