ಮಾರ್ಗನ್ ಜಾನ್ ರೀಸ್: ಜೀವಿತ, ಬರೆಹ ಮತ್ತು ಸಂಬಂಧಗಳು

ವೇಲ್ಸ್ ದೇಶದ ಸಾಹಿತ್ಯಚರಿತ್ರೆಯನ್ನು ಬರೆದವರು ಮಾರ್ಗನ್ ಜಾನ್ ರೀಸ್ ಎಂಬಾತನನ್ನು ಆ ಭಾಷೆಯ ಮೊದಲ ರಾಜಕೀಯ ಪತ್ರಿಕೆಯ ಸಂಪಾದಕನೆಂದು ಸ್ಮರಿಸುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಸ್ಥಳಚರಿತ್ರೆಕಾರರಿಗಾದರೋ ಆತನು ಹಾಳುಬಿದ್ದುಹೋದ ಬ್ಯೂಲ ಎಂಬ ಊರಿನ ಸ್ಥಾಪಕನು. ಒಬ್ಬನ ಜೀವಿತವು ಹೀಗೆ ಕಡಲಿನ ಎರಡು ದಡಗಳಲ್ಲಿ ಎರಡು ತುಂಡಾಗಿ ಬಹುಕಾಲ ಬಿದ್ದಿದ್ದಿತು. ಗ್ವಿನ್ ಆಲ್ಫ್ ವಿಲಿಯಮ್ಸ್ ಎಂಬ ಚರಿತ್ರಕಾರನು ೧೯೮೦ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ತುಂಡುಗಳು ಕೂಡಿಕೊಂಡುವು. ಆದರೂ ಬ್ಯೂಲದ ಅಳಿವೇ ಆತನ ಸೋಲೆಂದು ಹೇಳುವ ವಾಡಿಕೆ ನಿಂತಿಲ್ಲ. ಬರೆಹಗಾರನ ದೃಷ್ಟಿಯಿಂದ ನೋಡಿದರೆ ಆತನಿಗಾದ ನಷ್ಟವು ಊರು ಹಾಳಾಗುವುದಕ್ಕೆ ಮುಂಚೆಯೇ, ಹಡಗನ್ನು ಹತ್ತಿದಂದೇ ಆದುದೆಂದು ತೋರುತ್ತದೆ.

ರೀಸನು ೧೭೬೦ನೆಯ ಇಸವಿ ಡಿಸೆಂಬರ್ ೮ರಂದು ದಕ್ಷಿಣ ವೇಲ್ಸಿನ ಗ್ಲಮಾರ್ಗನ್ ಸೀಮೆಯ ಲಾನ್ವಾಬನ್ ಪಾರಿಷಿನಲ್ಲಿ ಹುಟ್ಟಿದನು. ಸಮೀಪದ ಹೆಂಗೋಯ್ಡ್ ಎಂಬಲ್ಲಿದ್ದ ಹಳೆಯ ಬ್ಯಾಪ್ಟಿಸ್ಟ್ ಸಭೆಗೆ ಸೇರಿ, ೧೭೮೬ರಲ್ಲಿ ಬ್ರಿಸ್ಟಲ್ ನಗರದ ಬ್ಯಾಪ್ಟಿಸ್ಟ್ ವಿದ್ಯಾಪೀಠಕ್ಕೆ ಹೋದನು. ತಿಳಿವಳಿಕೆ ಬಂದ ಮೇಲೆ ತನ್ನ ನಂಬಿಕೆಯನ್ನು ತಾನೇ ಹೇಳಿಕೊಂಡವನಿಗೆ ಮಾತ್ರ ದೀಕ್ಷಾಸ್ನಾನ ಸಲ್ಲಬೇಕೆಂಬುದೂ, ಪ್ರತಿಯೊಂದು ಸಭೆಯೂ ತನ್ನ ಉಪದೇಶಕನನ್ನು ತಾನೇ ಆರಿಸಿಕೊಳ್ಳಬೇಕೆಂಬುದೂ ಬ್ಯಾಪ್ಟಿಸ್ಟರ ನಿಯಮ. ರಾಜಮತದಿಂದ ಹೊರಗೆ ನಿಂತ ಇಂಥವರಿಗೆ ಸರಕಾರದ ಅಧಿಕಾರಸ್ಥಾನಗಳನ್ನು ನಿಷೇಧಿಸಿದ್ದ ಕಾಯಿದೆಗಳು ೧೮೨೮ರವರೆಗೂ ರದ್ದಾಗಲಿಲ್ಲ. ಆದಕಾರಣ ಮತಸ್ವಾತಂತ್ರ್ಯದ ಮಾತು ಅವರ ಬಾಯಲ್ಲಿ ಬಲುಬೇಗ ರಾಜಕೀಯ ಸ್ವಾತಂತ್ರ್ಯದ ಮಾತಾಗುತ್ತಿದ್ದಿತು. ಆಗ ಬ್ರಿಸ್ಟಲಿನಲ್ಲಿ ಮುಖ್ಯನಾಗಿದ್ದ ಕೇಲೆಬ್ ಈವಾನ್ಸನು ಅಮೆರಿಕದ ವಸಾಹತುಗಾರರ ಪಕ್ಷವನ್ನು ಬಹಿರಂಗವಾಗಿ ಹಿಡಿದಿದ್ದವನು.

ಇದೇ ವಿದ್ಯಾಪೀಠದಲ್ಲಿ ಕೆಲವು ವರ್ಷಗಳ ಬಳಿಕ ಓದಿದವರಲ್ಲಿ ಜೋಷುವ ಮಾರ್ಷ್‌ಮನ್ ಒಬ್ಬನೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಆತನೂ ವಿಲಿಯಂ ಕೇರಿಯೂ ವಂಗದೇಶದ ಶ್ರೀರಾಮಪುರದಲ್ಲಿ ಸಹೋದ್ಯೋಗಿಗಳಾಗಿದ್ದರು. ಅಲ್ಲಿನ ಮುದ್ರಣಾಲಯದಿಂದಲೇ ಕೇರಿಯ ಕರ್ಣಾಟಕ ಭಾಷಾ ವ್ಯಾಕರಣವು ೧೮೧೭ರಲ್ಲಿ ಹೊರಬಂದಿತು. ಒಂದೇ ಗುರುಕುಲದ ಸಂಬಂಧಗಳು ಪೂರ್ವಕ್ಕೂ ಪಶ್ಚಿಮಕ್ಕೂ ಹೀಗೆ ಚಾಚಿಕೊಂಡಿದ್ದುವು.

೧೭೮೭ರಲ್ಲಿ ರೀಸನು ಪೆನಿಗಾರ್ನ್ ಎಂಬಲ್ಲಿನ ಸಭೆಗೆ ಉಪದೇಶಕನಾದನು. ಎರಡು ವರ್ಷಗಳಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಮೊದಲಾಯಿತು. ಪೋಪನ ಅಧಿಕಾರವು ಕುಸಿದು ಸುವಾರ್ತೆಗೆ ದಾರಿ ತೆರೆಯಿತೆಂದು ನಂಬಿ ಆತನು ೧೭೯೧ರಲ್ಲಿ ಪ್ಯಾರಿಸಿಗೆ ಹೊರಟುದು ಆ ಕಾಲದ ಉತ್ಸಾಹಕ್ಕೆ ತಕ್ಕುದೇ. ಮರುವರ್ಷ ಹಿಂದಿರುಗಿ, ಫ್ರೆಂಚರಿಗೆ ಬೈಬಲ್ಲುಗಳನ್ನು ಹಂಚಲು ಹಣ ಕೂಡಿಸುವುದು, ಬಡಮಕ್ಕಳಿಗಾಗಿ ಭಾನುವಾರದ ಶಾಲೆಗಳನ್ನು ತೆರೆಯುವುದು, ಗುಲಾಮರ ವ್ಯಾಪಾರವನ್ನು ಖಂಡಿಸಿ ಬರೆಯುವುದು, ಇವುಗಳಲ್ಲಿ ತೊಡಗಿದನು.

ಆತನ ಕೀರ್ತಿಗೆ ಕಾರಣವಾದುದು ೧೭೯೩ರ ಫೆಬ್ರವರಿಯಲ್ಲಿ ಆರಂಭವಾದ ಪತ್ರಿಕೆ. ಅದರ ಹೆಸರು ‘ಕಿಲ್ಖ್‌ಗ್ರೌನ್ ಕನ್‌ಮ್ರೈಗ್’. ‘ವೇಲ್ಷ್ ಪತ್ರಿಕೆ’ಯೆಂದೇ ಅರ್ಥ. ವೇಲ್ಷ್ ಭಾಷೆಯಲ್ಲಿ ಅದಕ್ಕೆ ಮುಂಚೆ ನಿಯತಕಾಲಿಕವೇ ಇರಲಿಲ್ಲವೆಂದಲ್ಲ. ಲೂಯಿಸ್ ಮಾರಿಸನು ೧೭೩೫ರಲ್ಲಿಯೇ ಒಂದನ್ನು ತೊಡಗಿ ಒಂದು ಸಂಚಿಕೆಗೇ ನಿಲ್ಲಿಸಿದ್ದನು. ಆದರೆ ರಾಜ್ಯಾಡಳಿತ, ಯುದ್ಧ, ಪ್ರಜೆಗಳ ಹಕ್ಕು, ಇವನ್ನು ಸಾಮಾನ್ಯ ಒಕ್ಕಲಿಗನ ಭಾಷೆಯಲ್ಲಿ ಚರ್ಚಿಸಬಹುದೆಂದು ತೋರಿಸಿದ ಮೊದಲ ಪತ್ರಿಕೆ ರೀಸನದೇ. ೧೫೮೮ರ ಬೈಬಲ್ ಭಾಷಾಂತರದಿಂದ ವೇಲ್ಷ್ ಗದ್ಯಕ್ಕೆ ಗಾಂಭೀರ್ಯವೂ ಸ್ಥಿರತೆಯೂ ದೊರೆತಿದ್ದುವು. ಧರ್ಮವನ್ನು ಹೇಳುವುದಕ್ಕೆ ಪಳಗಿದ್ದ ಆ ಗದ್ಯವನ್ನು ರೀಸನು ಲೋಕವ್ಯವಹಾರಕ್ಕೆ ಹೂಡಿದನು. ಮತೋಪದೇಶಕನ ವೇದಿಕೆಯ ದನಿಯು ಪತ್ರಿಕೆಯಲ್ಲೆಲ್ಲ ಕೇಳಿಬರುವುದು ಕುಂದೆಂದು ಕೆಲವರು ಎಣಿಸಬಹುದು. ಓದುಗರಿಗೆ ಪರಿಚಿತವಾಗಿದ್ದ ದನಿ ಅದೊಂದೇ ಎಂಬುದನ್ನು ಮರೆಯಲಾಗದು. ಪಶ್ಚಿಮಸಮುದ್ರವನ್ನು ದಾಟಿದನೆನ್ನಲಾದ ಮೇಡಾಕ್ ರಾಜಕುಮಾರನ ಸಂತತಿಯವರು ಅಮೆರಿಕದ ಕಾಡುಗಳಲ್ಲಿ ಇನ್ನೂ ವೇಲ್ಷ್ ನುಡಿಯುತ್ತಿರುವರೆಂಬ ಐತಿಹ್ಯಕ್ಕೂ ಅದರಲ್ಲಿ ಎಡೆಯಿದ್ದಿತು.

ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ತೊಡಗಿದ ತಿಂಗಳಲ್ಲಿಯೇ ಇಂಥ ಪತ್ರಿಕೆ ಹೊರಟರೆ ಅದರ ಆಯುಸ್ಸು ಎಷ್ಟು? ಐದು ಸಂಚಿಕೆಗಳೊಡನೆ ೧೭೯೪ರಲ್ಲಿ ಅದು ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ, ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿಡಕೂಡದೆಂಬ ಕಾನೂನಿನ ರಕ್ಷಣೆಯನ್ನು ಸರಕಾರವು ಅಮಾನತಿನಲ್ಲಿಟ್ಟಿತು. ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಏಪ್ರಿಲಿನಲ್ಲಿಯೇ ದೇಶ ಬಿಟ್ಟಿದ್ದನು. ರೀಸನು ಆಗಸ್ಟಿನಲ್ಲಿ ಲಿವರ್‌ಪೂಲಿನಿಂದ ಹಡಗು ಹತ್ತಿ ಅಕ್ಟೋಬರಿನಲ್ಲಿ ನ್ಯೂಯಾರ್ಕನ್ನು ಸೇರಿದನು.

ಅಲ್ಲಿ ಆತನು ಅನಾಥನಾಗಿರಲಿಲ್ಲ. ಫಿಲಡೆಲ್ಫಿಯದ ಬ್ಯಾಪ್ಟಿಸ್ಟ್ ಪಂಡಿತ ವಿಲಿಯಂ ರಾಜರ್ಸ್, ವೇಲ್ಸಿನಲ್ಲಿಯೇ ಹುಟ್ಟಿ ಪೆನ್ನೆಪೆಕ್ ಸಭೆಯ ಹಿರಿಯ ಉಪದೇಶಕನಾಗಿದ್ದ ಸ್ಯಾಮ್ಯುಅಲ್ ಜೋನ್ಸ್, ಸ್ವಾತಂತ್ರ್ಯಘೋಷಣೆಗೆ ರುಜು ಹಾಕಿದವರಲ್ಲೊಬ್ಬನಾದ ವೈದ್ಯ ಬೆಂಜಮಿನ್ ರಷ್, ಇವರ ಬಳಗ ಆತನದಾಯಿತು. ೧೭೯೬ರಲ್ಲಿ ಆತನು ಮದುವೆಯಾದ ಆನ್ ಎಂಬಾಕೆ ಅದೇ ನಗರದ ಕರ್ನಲ್ ಬೆಂಜಮಿನ್ ಲಾಕ್ಸ್ಲಿಯ ಮಗಳು. ಈ ಪರಿಚಯಗಳ ಬಲದಿಂದ ಒಂದು ಸಭೆಯಿಂದ ಮತ್ತೊಂದು ಸಭೆಗೆ ಉಪದೇಶ ಮಾಡುತ್ತ ಆತನು ದಕ್ಷಿಣದ ಸಂಸ್ಥಾನಗಳನ್ನೂ ಪಶ್ಚಿಮದ ಗಡಿಯನ್ನೂ ಸುತ್ತಿಬಂದನು. ಜಾರ್ಜಿಯದ ಸವಾನ ನಗರದಲ್ಲಿ ಆಫ್ರಿಕ ಮೂಲದ ಗುಲಾಮರ ಬ್ಯಾಪ್ಟಿಸ್ಟ್ ಸಭೆಯ ಪರವಾಗಿ, ಗುಲಾಮರ ಒಡೆಯರ ವಿರೋಧವನ್ನು ಲೆಕ್ಕಿಸದೆ ದುಡಿದನು. ಆ ಸಭೆಯ ನಾಯಕ ಆಂಡ್ರ್ಯೂ ಬ್ರಯನ್ ಸ್ವತಃ ಗುಲಾಮನಾಗಿದ್ದು ಉಪದೇಶ ಮಾಡಿದುದಕ್ಕಾಗಿ ಚಾವಟಿಯೇಟುಗಳನ್ನು ತಿಂದವನು.

೧೭೯೫ರ ಜುಲೈ ೫ರಂದು ಓಹಯೋ ಸೀಮೆಯ ಗ್ರೀನ್‌ವಿಲ್ಲಿನಲ್ಲಿ ಮಾಡಿದ ಭಾಷಣವು ರೀಸನ ಅಮೆರಿಕದ ಜೀವಿತದ ಶಿಖರವೆನ್ನಬಹುದು. ಹಿಂದಿನ ವರ್ಷ ಮೂಲನಿವಾಸಿ ಕುಲಗಳನ್ನು ಯುದ್ಧದಲ್ಲಿ ಸೋಲಿಸಿದ್ದ ಸೇನಾಪತಿ ವೇಯ್ನನೂ ಆತನ ಅಧಿಕಾರಿಗಳೂ ಸಂಧಿಯನ್ನು ಬರೆಸಿಕೊಳ್ಳಲು ನೆರೆದಿದ್ದರು. ಅವರ ಎದುರಿನಲ್ಲಿಯೇ ರೀಸನು, ಪ್ರತಿಯೊಂದು ಕುಲಕ್ಕೂ ತನ್ನ ನೆಲದ ಮೇಲೆ ಯಾರೂ ಕಸಿಯಲಾಗದ ಹಕ್ಕಿದೆಯೆಂದೂ, ತನಗೆ ತಕ್ಕಂತೆ ತನ್ನನ್ನು ಆಳಿಕೊಳ್ಳುವ ಹಕ್ಕೂ ಇದೆಯೆಂದೂ, ರಾಜ್ಯವಿಸ್ತಾರದ ಆಸೆಯನ್ನು ಬಿಡಬೇಕೆಂದೂ ವಾದಿಸಿದನು. ಸಂಧಿಯು ಆಗಸ್ಟ್ ೩ರಂದು ಮುಗಿಯಿತು. ಇಂದಿನ ಓಹಯೋ ಸಂಸ್ಥಾನದ ಬಹುಭಾಗ ಕುಲಗಳ ಕೈಬಿಟ್ಟಿತು. ಭಾಷಣವು ೧೭೯೮ರಲ್ಲಿ ‘ಶಾಂತಿಯ ಬಲಿಪೀಠ’ ಎಂಬರ್ಥದ ಹೆಸರಿನಿಂದ ಅಚ್ಚಾಯಿತು. ಗುಲಾಮಗಿರಿಯನ್ನು ಬೈಬಲ್ಲಿನ ಆಧಾರದಿಂದ ಸಮರ್ಥಿಸಿದವರಿಗೆ ಕೊಟ್ಟ ಉತ್ತರವೂ, ವಲಸೆ ಬಂದವರಿಗೆ ನೆರವಾಗುವ ಸಂಘದ ಪರವಾದ ಉಪನ್ಯಾಸವೂ ಅದೇ ಕಾಲದವು. ಅಮೆರಿಕದಲ್ಲಿ ಪ್ರಕಟವಾದ ಈ ಮುಖ್ಯ ಬರೆಹಗಳೆಲ್ಲ ಇಂಗ್ಲಿಷಿನಲ್ಲಿವೆ. ವಾದವು ಹಿಂದಿಗಿಂತ ತೀಕ್ಷ್ಣವಾಗಿದೆ, ಧೈರ್ಯವೂ ಹೆಚ್ಚಿದೆ. ಆದರೆ ವೇಲ್ಷ್ ಗದ್ಯದಲ್ಲಿ ತೊಡಗಿದ್ದ ಪ್ರಯೋಗವನ್ನು ಪ್ರಯೋಗಿಸಿದವನೇ ಕೈಬಿಟ್ಟಂತಾಯಿತು.

ಆ ಭಾಷೆಗೊಂದು ಹೊಸ ನೆಲೆಯನ್ನು ಕಟ್ಟುವುದೇ ಬ್ಯೂಲದ ಉದ್ದೇಶಗಳಲ್ಲೊಂದು. ೧೭೯೬ರಲ್ಲಿ ಅಲಿಗೇನಿ ಪರ್ವತದ ನೆತ್ತಿಯಲ್ಲಿ ರಷ್ಷನ ಒಡೆತನದ ಭೂಮಿಯನ್ನು ಕೊಂಡು ‘ಕೇಂಬ್ರಿಯ’ವೆಂಬ ವಸಾಹತನ್ನು ಯೋಜಿಸಲಾಯಿತು. ಗ್ರೀನ್‌ವಿಲ್ಲಿನ ಭಾಷಣವನ್ನು ಓದಿದವರಿಗೆ ಇಲ್ಲಿ ಒಂದು ಸಂದೇಹ ಹುಟ್ಟದಿರದು. ಆ ನೆಲವೂ ಮೂಲನಿವಾಸಿಗಳದೇ. ಇರೊಕ್ವಾ ಒಕ್ಕೂಟದವರಿಂದ ೧೭೬೮ರ ಒಪ್ಪಂದದಲ್ಲಿ ಬರೆಸಿಕೊಂಡು, ಅನಂತರ ಭೂವ್ಯಾಪಾರಕ್ಕೆ ಸಿಕ್ಕಿದುದು. ಕ್ರಯಪತ್ರವಿದ್ದರೆ ಹಕ್ಕು ತೀರಿತೆಂದು ರೀಸನು ಎಣಿಸಿದ್ದಿರಬೇಕು. ವಲಸಿಗರ ಸ್ವಾತಂತ್ರ್ಯಕ್ಕೆ ಇತರರ ನೆಲ ಬೇಕಾಯಿತೆಂಬುದನ್ನು ಆತನ ಅಭಿಮಾನಿಗಳು ಸಾಮಾನ್ಯವಾಗಿ ದಾಟಿಹೋಗುತ್ತಾರೆ, ದಾಟಬೇಕಾದ ಅಗತ್ಯವಿಲ್ಲ.

ಊರಿಗೊಂದು ಇಂಗ್ಲಿಷ್ ಪತ್ರಿಕೆಯೂ ೧೭೯೮ರಲ್ಲಿ ಬಂದಿತು. ಆದರೆ ದಟ್ಟಡವಿ, ಕಠಿನವಾದ ಚಳಿಗಾಲ, ಕೊರತೆಯ ಬಂಡವಾಳ, ಇವುಗಳ ನಡುವೆ ವಸಾಹತು ಬಲಿಯಲಿಲ್ಲ. ಮೇಡಾಕನ ಸಂತತಿಯನ್ನು ಹುಡುಕಲು ಮಿಸೌರಿ ನದಿಯ ಮೇಲುದಾರಿಯಲ್ಲಿ ಮ್ಯಾಂಡನ್ ಕುಲದವರವರೆಗೆ ಹೋಗಿದ್ದ ಜಾನ್ ಈವಾನ್ಸನು, ವೇಲ್ಷ್ ನುಡಿಯುವ ಕುಲವೇ ಇಲ್ಲವೆಂದು ಸ್ಯಾಮ್ಯುಅಲ್ ಜೋನ್ಸನಿಗೆ ೧೭೯೭ರಲ್ಲಿಯೇ ಬರೆದಿದ್ದನು. ೧೭೯೯ರಲ್ಲಿ ರೀಸನು ಸಾಮರ್ಸೆಟ್ ಪಟ್ಟಣಕ್ಕೆ ತೆರಳಿ ಅಲ್ಲಿ ನ್ಯಾಯಾಧಿಕಾರಿಯಾಗಿದ್ದು, ೧೮೦೪ರಲ್ಲಿ ತೀರಿಕೊಂಡನು. ಅದೇ ವರ್ಷ ರಚಿತವಾದ ಜಿಲ್ಲೆಗೆ ಕೇಂಬ್ರಿಯ ಎಂಬ ಹೆಸರು ನಿಂತಿತಾದರೂ, ಜಿಲ್ಲೆಯ ಮುಖ್ಯ ಪಟ್ಟಣದ ಪದವಿ ಜೊತೆಗಾರನಾದ ರೀಸ್ ಲಾಯ್ಡನು ಕಟ್ಟಿದ ಎಬೆನ್ಸ್‌ಬರ್ಗಿಗೆ ಸಂದಿತು. ಬ್ಯೂಲದ ಜನ ಚದರಿದರು.

ರೀಸನು ಗೆಳೆಯನ ಹೆಸರನ್ನೇ ಇಟ್ಟ ಮಗ ಬೆಂಜಮಿನ್ ರಷ್ ರೀಸ್, ಫಿಲಡೆಲ್ಫಿಯದ ಜೆಫರ್ಸನ್ ವೈದ್ಯ ಕಾಲೇಜಿನ ಮೊದಲ ಅಧ್ಯಾಪಕರಲ್ಲೊಬ್ಬನು. ‘ರಷ್’ ಎಂಬ ಹೆಸರು ವಂಶದಲ್ಲಿ ಉಳಿಯಿತು. ೧೯೦೦ರಿಂದ ೧೯೩೫ರವರೆಗೆ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿದ್ದ ರಷ್ ರೀಸನು ಬ್ಯಾಪ್ಟಿಸ್ಟ್ ಉಪದೇಶಕನೂ ಹೌದು. ಆತನ ಮಗ, ಅದೇ ಹೆಸರಿನ ತತ್ತ್ವಶಾಸ್ತ್ರಜ್ಞ (೧೯೦೫–೧೯೮೯), ವಿಟ್‌ಗೆನ್‌ಸ್ಟೈನನ ಆಪ್ತನಾಗಿ ಆತನ ಹಸ್ತಪ್ರತಿಗಳ ಸಂಪಾದಕರಲ್ಲೊಬ್ಬನಾದನು. ಅಮೆರಿಕದಲ್ಲಿ ಹುಟ್ಟಿದ ಈತನು ೧೯೪೦ರಿಂದ ೧೯೬೬ರವರೆಗೆ ಪಾಠ ಹೇಳಿದುದು ಪೂರ್ವಿಕನು ಹುಟ್ಟಿದ ಗ್ಲಮಾರ್ಗನ್ ಸೀಮೆಯ ಸ್ವಾನ್ಸಿಯಲ್ಲಿ.